ಕಾರು ಹೋಯಿತು, ಹೆಸರು ಉಳಿಯಿತು

ಈಚೆಗೆ ನನ್ನ ಕಚೇರಿಗೆ ಒಂದು ಹೊಸ ಬಗೆಯ ಕಕ್ಷಿದಾರರು ಬರುತ್ತಿದ್ದಾರೆ. ಕಾರು ಇಲ್ಲ, ಕಾರಿನ ಕೇಸು ಇದೆ. 2023ರ ಅಕ್ಟೋಬರ್‌ನಲ್ಲಿ ನಮ್ಮ ಮೆಟ್ರೊದ ನೇರಳೆ ಮಾರ್ಗ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಪೂರ್ತಿ ಓಡತೊಡಗಿದ ಮೇಲೆ, ಟ್ರಾಫಿಕ್ಕಿನ ಸಹವಾಸವೇ ಬೇಡವೆಂದು ಕಾರು ಮಾರಿದವರು ಇವರು. ಒಬ್ಬರಂತೂ ಕೊನೆಕೊನೆಗೆ ಕಾರು ಇಟ್ಟುಕೊಂಡಿದ್ದೇ ಮನೆಯ ಲ್ಯಾಬ್ರಡಾರ್‌ಗಾಗಿ. ನಾಯಿ ಡಾಕ್ಟರ ಹತ್ತಿರ ಹೋಗುವುದಕ್ಕೆ ಟ್ಯಾಕ್ಸಿ ಸಾಕು ಅನ್ನಿಸಿದ ದಿನ ಅದನ್ನೂ ಬ್ರೋಕರ್‌ಗೆ ಕೊಟ್ಟರು. ದುಡ್ಡು ಬಂತು, ಕೀ ಹೋಯಿತು. ಮತ್ತೆ ಬಂದದ್ದು ಅಪಘಾತ ಪರಿಹಾರ ನ್ಯಾಯಮಂಡಳಿಯ ನೋಟಿಸ್. ಆ ಕಾರು ಯಾರದೋ ಕೈಯಲ್ಲಿ ಬೈಕ್ ಸವಾರನೊಬ್ಬನಿಗೆ ಗುದ್ದಿತ್ತು. ವಿಮೆ ಮುಗಿದುಹೋಗಿತ್ತು. ಆರ್‌ಸಿಯಲ್ಲಿ ಇನ್ನೂ ಇವರದೇ ಹೆಸರು.

‘ನಾನು ಮಾರಿಬಿಟ್ಟಿದ್ದೀನಲ್ಲ ಸಾರ್, ನನಗೇನು ಸಂಬಂಧ?’ ಎಂದು ಎಲ್ಲರೂ ಕೇಳುತ್ತಾರೆ. ಸಂಬಂಧ ಇದೆ. ಮೋಟಾರು ವಾಹನ ಕಾಯ್ದೆಯ ಪ್ರಕಾರ ವಾಹನ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರೇ ಮಾಲೀಕರು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಕಾರು ಹಲವು ಕೈ ದಾಟಿ ಹೋಗಿತ್ತು. ಆದರೂ 2018ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರದ ಹೊಣೆ ಹೊರಿಸಿದ್ದು ಆರ್‌ಸಿಯಲ್ಲಿ ಹೆಸರಿದ್ದ ಮೊದಲ ಮಾರಾಟಗಾರನ ಮೇಲೆ. ಗಾಯಗೊಂಡವರು ಕೊಂಡವರ ಸಾಲನ್ನು ಹುಡುಕಿಕೊಂಡು ಅಲೆಯಬೇಕಿಲ್ಲ ಎಂಬುದು ಅದರ ತಿರುಳು. ನನಗೂ ಅದು ನ್ಯಾಯವೆಂದೇ ತೋರುತ್ತದೆ, ನನ್ನ ಕಕ್ಷಿದಾರರಿಗೆ ಎಷ್ಟೇ ಕಹಿಯಾದರೂ.

ನೂರು ರೂಪಾಯಿ ಸ್ಟಾಂಪ್ ಕಾಗದದ ಮೇಲೆ ‘ಇಂದಿನಿಂದ ಸಕಲ ಜವಾಬ್ದಾರಿ ಕೊಂಡವರದ್ದು’ ಎಂದು ಬರೆಸಿಕೊಂಡಿರುತ್ತೀರಿ. ಆ ಕಾಗದ ಸುಳ್ಳಲ್ಲ. ಆದರೆ ನೀವು ಪರಿಹಾರ ಕಟ್ಟಿದ ಮೇಲೆ ಕೊಂಡವನಿಂದ ವಸೂಲಿ ಮಾಡಲು ದಾವೆ ಹೂಡುವುದಕ್ಕಷ್ಟೇ ಅದು ಸಹಾಯಕ್ಕೆ ಬರುತ್ತದೆ. ಅಷ್ಟು ಹೊತ್ತಿಗೆ ಅವನ ಫೋನು ಸ್ವಿಚ್ ಆಫ್ ಆಗಿರುತ್ತದೆ.

ಕ್ರಮ ಹೀಗಿದೆ. ಮಾರಿದವರು ಫಾರಂ 29ರಲ್ಲಿ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಫಾರಂ 30ರೊಂದಿಗೆ ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ಇದನ್ನೆಲ್ಲ ಪರಿವಾಹನ್ ಜಾಲತಾಣದಲ್ಲೇ ಶುರುಮಾಡಬಹುದು, ಆರ್‌ಟಿಒ ಮೆಟ್ಟಿಲಿನ ಬಳಿ ನಿಂತಿರುವ ಯಾರ ಕೈಯನ್ನೂ ಬೆಚ್ಚಗೆ ಮಾಡಬೇಕಿಲ್ಲ. ಕಾರಿನ ಮೇಲೆ ಸಾಲವಿದ್ದರೆ ಮೊದಲು ಬ್ಯಾಂಕಿನಿಂದ ಫಾರಂ 35 ಮತ್ತು ನಿರಾಕ್ಷೇಪಣಾ ಪತ್ರ ತರಬೇಕು. ಸಾಲ ತೀರಿದ ಮಾತ್ರಕ್ಕೆ ಆರ್‌ಸಿಯಿಂದ ಬ್ಯಾಂಕಿನ ಹೆಸರು ತಾನಾಗಿ ಅಳಿಯುವುದಿಲ್ಲ. ಕೊಂಡವರು ಹೊಸೂರಿನವರೋ ಹೈದರಾಬಾದಿನವರೋ ಆದರೆ ಫಾರಂ 28ರ ಎನ್‌ಒಸಿ ಬೇರೆ. ಎನ್‌ಒಸಿ ಕೈಗೆ ಕೊಟ್ಟಕೂಡಲೇ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಆ ರಾಜ್ಯದಲ್ಲಿ ಹೊಸ ಹೆಸರು ಏರುವವರೆಗೂ ನೀವೇ ಮಾಲೀಕರು.

ಈಗ ಅಸಲು ಬಲೆಗೆ ಬರುತ್ತೇನೆ. ಬ್ರೋಕರ್ ಫಾರಂ 29, 30ರ ಖಾಲಿ ಪ್ರತಿಗಳನ್ನು ಮುಂದಿಟ್ಟು, ‘ಇಲ್ಲೊಂದು, ಇಲ್ಲೊಂದು ಸೈನ್ ಹಾಕಿ ಮೇಡಂ, ಪಾರ್ಟಿ ಸಿಕ್ಕಾಗ ನಾವೇ ತುಂಬ್ತೀವಿ’ ಎನ್ನುತ್ತಾನೆ. ಕೊಂಡವರ ಹೆಸರು, ತಾರೀಖು ಎರಡೂ ಖಾಲಿ. ಈ ಖಾಲಿ ಜಾಗವೇ ಅವನ ವ್ಯಾಪಾರ. ತನ್ನ ಹೆಸರಿಗೆ ಮಾಡಿಸಿಕೊಂಡರೆ ಅವನಿಗೆ ಶುಲ್ಕದ ಖರ್ಚು, ಜೊತೆಗೆ ಆರ್‌ಸಿಯಲ್ಲಿ ಇನ್ನೊಬ್ಬ ಮಾಲೀಕ ಹೆಚ್ಚಾಗಿ ಬೆಲೆ ಇಳಿಯುತ್ತದೆ. ಹಾಗಾಗಿ ನಿಮ್ಮ ಹೆಸರಿನಲ್ಲೇ ಕಾರು ಮೂರು ಕೈ ಸುತ್ತುತ್ತದೆ. ಅಷ್ಟು ಕಾಲವೂ ಕ್ಯಾಮೆರಾ ದಂಡ ನಿಮ್ಮ ಮೊಬೈಲಿಗೆ, ಫಾಸ್ಟ್ಯಾಗ್ ಹಣ ನಿಮ್ಮ ಖಾತೆಯಿಂದ. ಅಪ್ರಾಪ್ತ ಹುಡುಗ ಓಡಿಸಿ ಸಿಕ್ಕಿಬಿದ್ದರೆ ಕಾಯ್ದೆಯ 199ಎ ಕಲಂ ಮೊದಲು ಕೈ ಚಾಚುವುದು ಪೋಷಕರತ್ತ ಮತ್ತು ಮಾಲೀಕರತ್ತ. ಮೂರು ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿ ದಂಡ ಅದರಲ್ಲಿದೆ. ನಿಮಗೆ ಗೊತ್ತೇ ಇರಲಿಲ್ಲ ಎಂಬುದನ್ನು ಆಮೇಲೆ ನೀವೇ ಸಾಬೀತು ಮಾಡುತ್ತ ಕೂರಬೇಕು.

ಖಾಲಿ ಫಾರಂಗೆ ಸಹಿ ಹಾಕಬೇಡಿ. ಒಂದು ರೂಪಾಯಿ ಕಡಿಮೆ ಬಂದರೂ ಸರಿ, ಹಾಕಬೇಡಿ. ಡೀಲರ್ ಅಂಗಡಿಗೇ ಕೊಡುವುದಾದರೆ ಅದಕ್ಕೂ ದಾರಿಯಿದೆ. ಹಳೆ ವಾಹನದ ಅಧಿಕೃತ ಡೀಲರ್‌ಗಳಿಗೆಂದೇ ನಿಯಮ ತಿದ್ದುಪಡಿಯಾಗಿ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಫಾರಂ 29ಸಿಯಲ್ಲಿ ವಾಹನ ಒಪ್ಪಿಸಿದ ಮಾಹಿತಿ ದಾಖಲಾದರೆ ಅಲ್ಲಿಂದ ಡೀಲರೇ ಮಾಲೀಕನೆಂದು ಲೆಕ್ಕ. ‘ನಿಮ್ಮ ಆರ್‌ಟಿಒ ದೃಢೀಕರಣ ಪತ್ರ ತೋರಿಸಿ’ ಎಂದು ಕೇಳಿ ನೋಡಿ. ದೊಡ್ಡ ಗಾಜಿನ ಶೋರೂಮಿನಲ್ಲೂ ಒಮ್ಮೊಮ್ಮೆ ಮಾತು ಕಾಫಿಯ ಕಡೆಗೆ ತಿರುಗುತ್ತದೆ.

ಇನ್ನು ವಿಮೆ. ‘ಹೇಗೂ ಮಾರುತ್ತಿದ್ದೇನೆ, ಯಾಕೆ ಕಟ್ಟಲಿ?’ ಎಂದು ನವೀಕರಿಸದೆ ಬಿಡುವವರೇ ಕೊನೆಗೆ ಮನೆ ಮಾರುವ ಹಂತಕ್ಕೆ ಬರುವುದು. ಹೆಸರು ಬದಲಾಗುವವರೆಗೆ ಥರ್ಡ್ ಪಾರ್ಟಿ ವಿಮೆ ಜೀವಂತ ಇರಲೇಬೇಕು. ಇದ್ದರೂ ಪೂರ್ತಿ ನೆಮ್ಮದಿಯಿಲ್ಲ. ಲೈಸೆನ್ಸ್ ಇಲ್ಲದವನು ಓಡಿಸುತ್ತಿದ್ದರೆ, ವಿಮಾ ಕಂಪನಿ ಮೊದಲು ಪರಿಹಾರ ಕೊಟ್ಟು ಆಮೇಲೆ ನಿಮ್ಮಿಂದಲೇ ವಸೂಲಿ ಮಾಡಲಿ ಎಂದು ನ್ಯಾಯಮಂಡಳಿ ಹೇಳಬಹುದು.

ಆರ್‌ಟಿಒ ಗುಮಾಸ್ತ ಫಾರಂ 29 ತೆಗೆದುಕೊಳ್ಳದೆ ‘ಪಾರ್ಟೀನ ಕರ್ಕೊಂಡು ಬನ್ನಿ’ ಎಂದು ವಾಪಸ್ ಕಳಿಸಿದರೆ ಜಗಳ ಬೇಡ, ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ತಿಳಿಸುವುದು ಮಾರಿದವರ ಕರ್ತವ್ಯವೆಂದು ಕಾಯ್ದೆಯ 50ನೇ ಕಲಮೇ ಹೇಳುತ್ತದೆ, ಅದಕ್ಕೆ ಇನ್ನೊಬ್ಬರು ಪಕ್ಕದಲ್ಲಿ ನಿಲ್ಲಬೇಕಿಲ್ಲ. ಆದರೆ ಈ ರಸೀತಿಯೂ ಕವಚವಲ್ಲ, ಸಾಕ್ಷ್ಯ ಮಾತ್ರ. ಎಂಪರಿವಾಹನ್ ಆ್ಯಪ್‌ನಲ್ಲಿ ನಿಮ್ಮ ಹಳೆ ನಂಬರ್ ಹಾಕಿ, ಹೆಸರು ಬದಲಾಗಿದೆಯೇ ಎಂದು ನೋಡುತ್ತಲೇ ಇರಿ.

ಕಾರು ಬಿಟ್ಟವರ ಇನ್ನೊಂದು ತಂಟೆ ನಾಯಿಯದ್ದು. ಮೊದಲು ಬೇಸ್‌ಮೆಂಟಿನಿಂದ ನೇರ ಕಾರಿಗೆ ಹತ್ತುತ್ತಿದ್ದ ನಾಯಿ ಈಗ ಲಿಫ್ಟಿನಲ್ಲಿ, ಗೇಟಿನಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತದೆ. ತಕ್ಷಣ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗೆ ಸಂವಿಧಾನ ಬರೆಯುವ ಉತ್ಸಾಹ ಬರುತ್ತದೆ: ಲಿಫ್ಟ್ ಬೇಡ, ಮೆಟ್ಟಿಲಲ್ಲಿ ಹೋಗಿ, ಬೊಗಳಿದರೆ ದಂಡ. ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಬಹುಮತದ ಠರಾವು ಮಾಡಿದರೂ ಸಂಘ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ತಡೆಯುವಂತಿಲ್ಲ. ಇಲ್ಲಿಯೂ ಬಲೆ ಸಹಿಯದ್ದೇ. ‘ದೂರು ಬಂದರೆ ನಾಯಿಯನ್ನು ಹೊರಗೆ ಕಳಿಸುತ್ತೇನೆ’ ಎಂಬ ಮುಚ್ಚಳಿಕೆ ತಂದರೆ ಸಹಿ ಹಾಕದೆ, ಆಕ್ಷೇಪವನ್ನು ಬರಹದಲ್ಲಿ ಕೊಡಿ ಎನ್ನಿ. ಬಾಡಿಗೆದಾರರ ಮಾತು ಬೇರೆ. ಕರಾರಿನಲ್ಲಿ ‘ಪ್ರಾಣಿ ಸಾಕುವಂತಿಲ್ಲ’ ಎಂದು ನೀವೇ ಒಪ್ಪಿದ್ದರೆ ಮನೆ ಮಾಲೀಕರ ಎದುರು ಈ ಮಾರ್ಗಸೂಚಿ ಹೆಚ್ಚು ದೂರ ನಡೆಯದು. ಹಕ್ಕಿದೆಯೆಂದು ಪಟ್ಟಿ ಬಿಚ್ಚಿ ಬಿಡಬೇಡಿ. ನಾಯಿಯನ್ನು ಅಜಾಗರೂಕತೆಯಿಂದ ಬಿಟ್ಟು ಯಾರಿಗಾದರೂ ಅಪಾಯ ಒಡ್ಡಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂನಡಿ ಆರು ತಿಂಗಳವರೆಗೆ ಜೈಲು ಅಥವಾ 5 ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ರೇಬೀಸ್ ಲಸಿಕೆಯ ಚೀಟಿ, ಪಾಲಿಕೆ ಪರವಾನಗಿ ಕೈಯಲ್ಲಿರಲಿ.

ಪ್ರಯಾಣದ ವಿಷಯ: ಮೆಟ್ರೊದಲ್ಲಿ ಸಾಕುನಾಯಿಗೆ ಪ್ರವೇಶವಿಲ್ಲ. ಕೆಎಸ್‌ಆರ್‌ಟಿಸಿಯ ಮಾಮೂಲಿ ಬಸ್‌ನಲ್ಲಿ ಅರ್ಧ ಟಿಕೆಟ್‌ಗೆ ಒಯ್ಯಬಹುದು, ಐರಾವತ, ರಾಜಹಂಸಗಳಲ್ಲಿ ಆಗದು. ರೈಲಿನಲ್ಲಾದರೆ ಫಸ್ಟ್ ಎಸಿಯ ಇಡೀ ಕೂಪೆ ನಿಮ್ಮದಾಗಬೇಕು, ಇಲ್ಲದಿದ್ದರೆ ನಾಯಿ ಗಾರ್ಡ್ ಡಬ್ಬಿಯ ಪೆಟ್ಟಿಗೆಯಲ್ಲಿ.

ಕೊನೆಯದಾಗಿ, ಹಿಂದೆ ಯಾವಾಗಲೋ ಮಾರಿದ ಕಾರಿನ ನೋಟಿಸ್ ಈಗಾಗಲೇ ಬಂದಿದ್ದರೆ ‘ನಂದಲ್ಲ’ ಎಂದು ಡ್ರಾಯರ್‌ಗೆ ಹಾಕಬೇಡಿ. ನೀವು ಹಾಜರಾಗದಿದ್ದರೆ ಏಕಪಕ್ಷೀಯ ಆದೇಶವಾಗಿ ಸಂಬಳದ ಜಪ್ತಿಗೆ ಬರುತ್ತಾರೆ. ಮೊದಲ ತಾರೀಖಿಗೇ ಹೋಗಿ, ಕೊಂಡವನನ್ನೂ ಬ್ರೋಕರ್‌ನನ್ನೂ ವಿಮಾ ಕಂಪನಿಯನ್ನೂ ಪಕ್ಷಗಾರರಾಗಿ ಸೇರಿಸಲು ಅರ್ಜಿ ಕೊಡಿಸಿ. ಮಾರಾಟದ ದಿನ ಹಣ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್, ಬ್ರೋಕರ್‌ನ ವಾಟ್ಸ್ಆ್ಯಪ್ ಮಾತುಕತೆ, ಡೆಲಿವರಿ ನೋಟ್ ಮೂರನ್ನೂ ಪ್ರಿಂಟ್ ತೆಗೆಸಿ ತನ್ನಿ. ಫೋನ್ ಬದಲಿಸುವ ಮುಂಚೆಯೇ ಈ ಕೆಲಸ ಆಗಲಿ.