ಅವ್ವನ ಮೊಣಕಾಲು ಮತ್ತು ಅಲ್ಲಿಯ ದವಾಖಾನೆ

ಚಿ. ಮಗನಿಗೆ, ಜಿಡಗಾದಿಂದ ನಿನ್ನ ಕಾಕಾ ಬರೆಯುವುದು.

ನೀನು ಲೆಸ್ಟರ್‌ನಿಂದ ಫೋನಿನಲ್ಲಿ ಹೇಳಿದ್ದನ್ನು ನಿಮ್ಮವ್ವ, ನಮ್ಮ ವೈನಿ, ನನ್ನ ಮುಂದೆ ಹೇಳಿದರು. ಅವರನ್ನು ವಿಸಿಟರ್ ವೀಸಾ ಮೇಲೆ ಕರೆಸಿಕೊಂಡು, "ಮಗನ ಹತ್ರ ಕಾಯಂ ಇರ್ತಾಳ" ಎಂದು ಬರೆಸಿ, ಮೊಣಕಾಲಿನ ಆಪರೇಷನ್ ಪುಕ್ಕಟೆ ಮಾಡಿಸಬಹುದೆಂದು ಗೆಳೆಯರು ನಿನ್ನ ತಲೆಯಲ್ಲಿ ತುಂಬಿದ್ದಾರಂತೆ. ಮಠದ ಮೆಟ್ಟಿಲು ಹತ್ತುವಾಗ ನಿಮ್ಮವ್ವ ಒಂದು ಕೈ ಗೋಡೆಗೆ, ಇನ್ನೊಂದು ಕೈ ತೊಡೆಗೆ ಊರಿ ನಿಂತು ಉಸಿರು ಬಿಡುವುದನ್ನು ನಾನೂ ನೋಡುತ್ತೇನೆ. ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಈ ಕೆಲಸ ಮಾಡಬೇಡ, ತಮ್ಮಾ.

ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ 1948ರ ಜುಲೈ 5ರಂದು ಶುರುವಾದದ್ದು. ಯುದ್ಧದಿಂದ ಹಣ್ಣಾದ ಜನ, ಬಡವನಿಗೂ ಸಾಹುಕಾರನಿಗೂ ಒಂದೇ ದವಾಖಾನೆ ಇರಲಿ ಎಂದು ಕಟ್ಟಿಕೊಂಡದ್ದು. ಅದರಲ್ಲಿ ನೀನೂ ಪಾಲುದಾರ. ವಿದ್ಯಾರ್ಥಿ ವೀಸಾಕ್ಕೆಂದು ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಿದ್ದೀಯಲ್ಲ! ನಮ್ಮ ಲೆಕ್ಕದಲ್ಲಿ ಎಂಬತ್ತು ಸಾವಿರ ರೂಪಾಯಿಗೂ ಮೇಲೆ. ಆದರೆ ಅದು ನಿನ್ನೊಬ್ಬನದು, ಅವ್ವನಿಗೆ ಲಾಗೂ ಆಗುವುದಿಲ್ಲ. ನೋಡಲು ಬಂದವರ ಹೆಸರನ್ನು ಅಲ್ಲಿಯ ಜಿಪಿ ಡಾಕ್ಟರು ಬರೆದುಕೊಳ್ಳಬಹುದು, ತುರ್ತು ವಿಭಾಗದಲ್ಲಿ ಹಣ ಕೇಳದೆ ನೋಡಲೂಬಹುದು. ಆದರೆ ದೊಡ್ಡ ಆಸ್ಪತ್ರೆಯಲ್ಲಿ ಅಡ್ಮಿಟ್ ಆದ ಮೇಲೆ ಮಾತೇ ಬೇರೆ. ಅಲ್ಲಿ ಕಾಯಂ ವಾಸ ಇದ್ದವರಿಗೆ, ನಿನ್ನ ಹಾಗೆ ಶುಲ್ಕ ಕಟ್ಟಿದವರಿಗೆ ಪುಕ್ಕಟೆ. ಬ್ರಿಟಿಷ್ ಪಾಸ್‌ಪೋರ್ಟ್ ಇದ್ದರೂ ಹೊರದೇಶದಲ್ಲಿ ನೆಲೆಸಿದವನಿಗೆ ಆ ಹಕ್ಕಿಲ್ಲ. ವಿಸಿಟರಿಗೆ ಒಂದೂವರೆ ಪಟ್ಟು ದರ. ಮೊಣಕಾಲಿನಂಥ ತುರ್ತಲ್ಲದ ಆಪರೇಷನ್ನಿಗೆ ಇಂಗ್ಲೆಂಡಿನಲ್ಲಿ 2017ರ ಅಕ್ಟೋಬರ್‌ನಿಂದ ಹಣ ಮೊದಲೇ ಕಟ್ಟಬೇಕು. 500 ಪೌಂಡಿನ ಬಾಕಿ ಎರಡು ತಿಂಗಳು ಉಳಿಯಿತೆಂದರೆ ಹೋಮ್ ಆಫೀಸಿಗೆ ವರದಿ ಹೋಗುತ್ತದೆ. ಆಮೇಲೆ ಅವ್ವನಿಗೆ ವೀಸಾ ಸಿಗುವುದೇ ಕಷ್ಟ. ಸುಳ್ಳು ಬರೆಸಿಕೊಟ್ಟ ನಿನ್ನ ಗತಿ ಏನಾದೀತು, ಯೋಚಿಸು.

ಇದೆಲ್ಲ ಸಿಕ್ಕಿಬೀಳುವ ಮಾತಾಯಿತು. ಸಿಕ್ಕಿಬೀಳದಿದ್ದರೂ ಅದು ತಪ್ಪೇ. ಮೊಣಕಾಲಿನ ಆಪರೇಷನ್ನಿಗೆ ಅಲ್ಲಿ ತಿಂಗಳುಗಟ್ಟಲೆ ಸರದಿ. ನಿಮ್ಮವ್ವನ ಹಾಗೆಯೇ ಗೋಡೆ ಹಿಡಿದು ನಡೆಯುವ ಯಾವುದೋ ಮುದುಕಿ ಆ ಸಾಲಿನಲ್ಲಿದ್ದಾಳೆ. ಕಲಬುರಗಿಯ ಜಿಮ್ಸ್ ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವ ಕಿಟಕಿಯ ಮುಂದಿನ ಸಾಲನ್ನು ನೀನೇ ನೋಡಿದ್ದೀಯ. ಅಫಜಲಪುರ, ಜೇವರ್ಗಿ ಕಡೆಯಿಂದ ಮೊದಲ ಬಸ್ಸಿಗೆ ಬಂದವರು ಕೇಸ್ ಪೇಪರ್ ಕಂಕುಳಲ್ಲಿಟ್ಟು, ರೊಟ್ಟಿಯ ಗಂಟು ತೊಡೆಯ ಮೇಲಿಟ್ಟು ಕುಂತಿರುತ್ತಾರೆ. ಯಾರೋ ವಶೀಲಿ ಹಚ್ಚಿ ನಡುವೆ ನುಗ್ಗಿದರೆ ನಮ್ಮ ರಕ್ತ ಕುದಿಯುವುದಿಲ್ಲವೆ?

ನಮ್ಮಲ್ಲೂ ಈ ರೋಗ ಇದೆ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. ಆಯುಷ್ಮಾನ್ ಭಾರತದ ಬಗ್ಗೆ 2023ರಲ್ಲಿ ಸರಕಾರಿ ಲೆಕ್ಕ ತಪಾಸಣೆಯ ಸಿಎಜಿ ಕೊಟ್ಟ ವರದಿಯ ಪ್ರಕಾರ ಒಂದೇ ಮೊಬೈಲ್ ನಂಬರಿಗೆ ಸುಮಾರು ಏಳೂವರೆ ಲಕ್ಷ ಫಲಾನುಭವಿಗಳು ಜೋಡಿಯಾಗಿದ್ದರು. ಸತ್ತವರೆಂದು ದಾಖಲಾಗಿದ್ದ 3,446 ಜನರ ಚಿಕಿತ್ಸೆಗೆಂದು 6.97 ಕೋಟಿ ರೂಪಾಯಿ ಪಾವತಿಯಾಗಿತ್ತು. ನಮ್ಮ ರಾಜ್ಯದ ಆರೋಗ್ಯ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಒಬ್ಬರ ಕಾರ್ಡಿನ ಮೇಲೆ ಇನ್ನೊಬ್ಬ ಆಪರೇಷನ್ ಮಾಡಿಸಿಕೊಂಡರೆ ಕಾರ್ಡಿನವರ ಪಾಲು ಅಷ್ಟು ಖರ್ಚಾಗುತ್ತದೆ, ಬೇರೆಯವನ ಬೇನೆ ಅವರ ದಾಖಲೆ ಸೇರುತ್ತದೆ. ಇದನ್ನು ಊರಿನಲ್ಲಿ ನಿಂತು ಬೈಯುವ ನಾವು ಲೆಸ್ಟರ್‌ನಲ್ಲಿ ಅದನ್ನೇ ಮಾಡಿದರೆ ಯಾವ ಬಾಯಿಂದ ಮಾತಾಡುವುದು? ನಮ್ಮ ದೇಶದಿಂದ ಹೋದ ಎಷ್ಟೋ ಡಾಕ್ಟರು, ನರ್ಸುಗಳು ಆ ದವಾಖಾನೆಗಳಲ್ಲಿ ದುಡಿದು ಹೆಸರು ಗಳಿಸಿದ್ದಾರೆ. ಆ ಹೆಸರು ಕೆಡಬಾರದು.

ಅವ್ವನ ಕಾಲಿನ ಜವಾಬ್ದಾರಿ ನನಗಿರಲಿ. ಮೊದಲು ಆಳಂದ ತಾಲೂಕಾ ಆಸ್ಪತ್ರೆಯಲ್ಲಿ ತೋರಿಸಿ ರೆಫರಲ್ ಚೀಟಿ ತೆಗೆಸುತ್ತೇನೆ. ಅದನ್ನು ಹಿಡಿದು ಕಲಬುರಗಿಗೆ ಹೋಗಿ ಅಲ್ಲಿಯ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಕೇಳಿ, ಯೋಜನೆಯಲ್ಲಿ ಎಷ್ಟು ಬರುತ್ತದೆ, ಕೈಯಿಂದ ಎಷ್ಟು ಹಾಕಬೇಕು ತಿಳಿದುಕೊಳ್ಳುತ್ತೇನೆ. ಕಡಿಮೆ ಬಿದ್ದರೆ ತೊಗರಿ ಮಾರಿದ ದುಡ್ಡಿದೆ.

ಅವ್ವನನ್ನು ಕರೆಸು, ಊರು ತೋರಿಸು. ಟಿಕೆಟ್ ತೆಗೆಯುವಾಗಲೇ ಪ್ರವಾಸದ ವಿಮೆಯನ್ನೂ ಮಾಡಿಸು. ಮೊದಲಿನಿಂದ ಇದ್ದ ಬೇನೆಗೆ ವಿಮೆ ಬಹಳಷ್ಟು ಸಲ ಸಿಗುವುದಿಲ್ಲ, ಆದ್ದರಿಂದ ಬಿಪಿ, ಮೊಣಕಾಲು ಯಾವುದನ್ನೂ ಮುಚ್ಚಿಡದೆ ಫಾರ್ಮಿನಲ್ಲಿ ಬರೆ. ಈ ಪತ್ರ ಮುಟ್ಟಿದ ಕೂಡಲೇ ಅವ್ವನಿಗೆ ಫೋನು ಮಾಡಿ, ಆಪರೇಷನ್ ಕಲಬುರಗಿಯಲ್ಲೇ ಎಂದು ನಿನ್ನ ಬಾಯಿಂದಲೇ ಹೇಳು.

ನಿನ್ನ ಪ್ರೀತಿಯ
ಕಾಕಾ