ಉತ್ತರ ಗೊತ್ತಿದ್ದರೂ ಸುಮ್ಮನಿರುವ ಆಟ: ‘ಪೋರ್ಟಲ್ 2’ ಕಲಿಸಿದ ಪಾಠಗಳು

ವಾಲ್ವ್ ಕಂಪನಿಯ ‘ಪೋರ್ಟಲ್’ ಬಂದದ್ದು 2007ರಲ್ಲಿ. ಅದರ ಮುಂದಿನ ಭಾಗ ‘ಪೋರ್ಟಲ್ 2’ ಬಂದದ್ದು 2011ರ ಏಪ್ರಿಲ್‌ನಲ್ಲಿ. ಕೈಯಲ್ಲಿ ಗನ್ ಇರುತ್ತದೆ, ಆದರೆ ಅದರಲ್ಲಿ ಗುಂಡಿಲ್ಲ. ಗೋಡೆಗೆ ಗುರಿಯಿಟ್ಟರೆ ಒಂದು ನೀಲಿ ಬಾಗಿಲು, ಒಂದು ಕಿತ್ತಳೆ ಬಾಗಿಲು ತೆರೆದುಕೊಳ್ಳುತ್ತವೆ. ಇವೇ ಪೋರ್ಟಲ್‌ಗಳು. ಒಂದರಲ್ಲಿ ಹೊಕ್ಕರೆ ಇನ್ನೊಂದರಲ್ಲಿ ಆಚೆ ಬರುತ್ತೀರಿ. ಇಷ್ಟೇ ಬಂಡವಾಳದಲ್ಲಿ ಕೋಣೆಯಿಂದ ಕೋಣೆಗೆ ದಾಟಬೇಕು. ಎರಡನೇ ಭಾಗದಲ್ಲಿ ಒಬ್ಬರೇ ಆಡುವ ಕಥೆಯ ಜೊತೆಗೆ, ಇಬ್ಬರಿಗೆಂದೇ ಮಾಡಿದ ಬೇರೆ ಕೋಣೆಗಳೂ ಇವೆ. ಮೈಸೂರಿನ ರಾಮಕೃಷ್ಣನಗರದ ನಮ್ಮ ಮನೆಯ ಹಾಲ್‌ನಲ್ಲಿ ಒಬ್ಬನೇ ಆಡಿದ್ದೇನೆ, ಗೆಳೆಯರ ಜೊತೆ ಆಡಿದ್ದೇನೆ, ಅಕ್ಕನ ಮಗಳ ಜೊತೆಯೂ ಆಡಿದ್ದೇನೆ. ಹೊಸದಾಗಿ ಶುರುಮಾಡುವವರಿಗೆ ಉಪಯೋಗವಾದೀತೆಂದು ಕಲಿತದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

1. ಕಥೆಯನ್ನು ಒಬ್ಬರೇ ಆಡಿ

ಈ ಗೇಮಿನ ಅರ್ಧ ಸುಖ ಇರುವುದು ಮಾತಿನಲ್ಲಿ. ಪ್ರಯೋಗಾಲಯವನ್ನು ಆಳುವ ಗ್ಲಾಡೋಸ್ ಎಂಬ ಯಂತ್ರಕ್ಕೆ ದನಿ ಕೊಟ್ಟವರು ಎಲೆನ್ ಮೆಕ್‌ಲೇನ್. ಒಂದಿಷ್ಟೂ ದನಿಯೇರಿಸದೆ ಅವಮಾನ ಮಾಡುವುದು ಹೇಗೆಂದು ಅವಳಿಂದಲೇ ಕಲಿಯಬೇಕು. ವಟವಟ ಅನ್ನುವ ವೀಟ್ಲಿಗೆ ಸ್ಟೀಫನ್ ಮರ್ಚೆಂಟ್, ಕಥೆಯಲ್ಲಿ ಆ ಪ್ರಯೋಗಾಲಯ ಕಟ್ಟಿದ ಕೇವ್ ಜಾನ್ಸನ್‌ಗೆ ಜೆ.ಕೆ. ಸಿಮನ್ಸ್. ಪಕ್ಕದಲ್ಲಿ ನಾಲ್ಕು ಜನ ಕೂತು ಹರಟುತ್ತಿದ್ದರೆ ಇದು ಯಾವುದೂ ಕಿವಿಗೆ ಬೀಳುವುದಿಲ್ಲ. ಕನ್ನಡದ ಆಯ್ಕೆ ಇಲ್ಲ. ಹಾಗಾಗಿ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು, ಹೆಡ್‌ಫೋನ್ ಸಿಕ್ಕಿಸಿಕೊಂಡು, ಮನೆಯವರು ಮಲಗಿದ ಮೇಲೆ ಕೂರುವುದು ಒಳ್ಳೆಯದು. ಗನ್ ಕೈಗೆ ಒಗ್ಗುವುದೂ ಆಗಲೇ. ಯಾರೂ ಅವಸರ ಮಾಡುವವರಿರುವುದಿಲ್ಲ.

2. ಪೋರ್ಟಲ್ ಹಾಕುವ ಮೊದಲು ಕೋಣೆ ನೋಡಿ

ಒಳಗೆ ಕಾಲಿಟ್ಟ ಕೂಡಲೇ ಸಿಕ್ಕ ಸಿಕ್ಕ ಗೋಡೆಗೆ ಪೋರ್ಟಲ್ ಹೊಡೆಯುವ ಚಪಲ ಎಲ್ಲರಿಗೂ ಇರುತ್ತದೆ. ಅದರ ಬದಲು ನಿಂತಲ್ಲೇ ಒಂದು ಸುತ್ತು ತಿರುಗಿ. ಮೊದಲು ಹೊರಹೋಗುವ ಬಾಗಿಲು ಎಲ್ಲಿದೆ ನೋಡಿ. ಅಲ್ಲಿಂದ ಹೊರಟ ಚುಕ್ಕಿಗಳ ಸಾಲು ಯಾವ ಬಟನ್‌ಗೆ ಹೋಗಿ ಮುಟ್ಟುತ್ತದೆಂದು ಹಿಂಬಾಲಿಸಿ. ಬಟನ್ ಒತ್ತಿದಾಗ ಆ ಚುಕ್ಕಿಗಳು ನೀಲಿಯಿಂದ ಕಿತ್ತಳೆಗೆ ತಿರುಗುತ್ತವೆ. ಆಮೇಲೆ ಬಿಳಿ ಗೋಡೆಗಳನ್ನು ಗುರುತು ಮಾಡಿಕೊಳ್ಳಿ. ಪೋರ್ಟಲ್ ಕೂರುವುದು ಅಲ್ಲಿ ಮಾತ್ರ. ಕೋಣೆ ತುಂಬ ಕಪ್ಪು ಲೋಹವಿದ್ದು ಎತ್ತರದಲ್ಲೆಲ್ಲೋ ಒಂದೇ ಒಂದು ಬಿಳಿ ಹಲಗೆ ಓರೆಯಾಗಿ ನಿಂತಿದ್ದರೆ, ಯಾರೋ ಬೇಕೆಂದೇ ಇಟ್ಟದ್ದು ಅದು. ಲೆಕ್ಕವನ್ನು ಕೊನೆಯಿಂದ ಹಿಂದಕ್ಕೆ ಬಿಡಿಸುತ್ತಾ ಬಂದರೆ ಎಷ್ಟೋ ಕೋಣೆಗಳು ನಿಂತಲ್ಲೇ ಬಗೆಹರಿಯುತ್ತವೆ.

3. ಬೆರಳು ನೋಯುತ್ತಿದ್ದರೆ ದಾರಿ ತಪ್ಪಿದೆ

ಮೇಲಿನಿಂದ ನೆಲದ ಪೋರ್ಟಲ್‌ಗೆ ಧುಮುಕಿದರೆ, ಬಿದ್ದ ವೇಗದಲ್ಲೇ ಗೋಡೆಯ ಪೋರ್ಟಲ್‌ನಿಂದ ಆಚೆ ಚಿಮ್ಮುತ್ತೀರಿ. ವೇಗ ಉಳಿಯುತ್ತದೆ, ದಿಕ್ಕು ಮಾತ್ರ ಬದಲಾಗುತ್ತದೆ. ಕೇರಂನಲ್ಲಿ ರೀಬೌಂಡ್ ಹೊಡೆದು ಅಭ್ಯಾಸವಿದ್ದವರಿಗೆ ಇದು ಬೇಗ ಹಿಡಿಯುತ್ತದೆ. ಎರಡನೇ ಭಾಗದಲ್ಲಿ ಇದರ ಜೊತೆಗೆ ಬಣ್ಣದ ದ್ರವಗಳೂ ಬಂದವು. ನೀಲಿ ದ್ರವದ ಮೇಲೆ ಕಾಲಿಟ್ಟರೆ ಪುಟಿಯುತ್ತೀರಿ, ಕಿತ್ತಳೆಯ ಮೇಲೆ ಓಡಿದರೆ ವೇಗ ಏರುತ್ತದೆ, ಬಿಳಿಯದನ್ನು ಬಳಿದ ಜಾಗದಲ್ಲೆಲ್ಲ ಪೋರ್ಟಲ್ ಕೂರುತ್ತದೆ. ಡಿಜಿಪೆನ್ ಎಂಬ ಕಾಲೇಜಿನ ವಿದ್ಯಾರ್ಥಿಗಳು ಮಾಡಿದ್ದ ಒಂದು ಪುಟ್ಟ ಗೇಮಿನಿಂದ ಬಂದ ಕಲ್ಪನೆ ಅದು. ಮೊದಲ ಪೋರ್ಟಲ್‌ನ ಮೂಲವೂ ಅದೇ ಕಾಲೇಜಿನ ಹುಡುಗರ ‘ನಾರ್ಬಾಕ್ಯುಲರ್ ಡ್ರಾಪ್’.

ಇಷ್ಟೆಲ್ಲ ಇದ್ದರೂ ಇದು ಕೈಚಳಕದ ಆಟವಲ್ಲ. ಕೂದಲೆಳೆಯಲ್ಲಿ ತಪ್ಪುವ ಜಿಗಿತವನ್ನೇ ಮತ್ತೆ ಮತ್ತೆ ಹಾರುತ್ತಿದ್ದೀರಿ ಅಂದರೆ, ಆ ಕೋಣೆ ಕಟ್ಟಿದವರು ಅಂದುಕೊಂಡದ್ದು ಬೇರೆಯೇ ಇದೆ. ಜಿಗಿಯುವುದು ಬಿಟ್ಟು ಇನ್ನೊಮ್ಮೆ ಸುತ್ತ ನೋಡಿ.

4. ತಲೆ ಓಡದಿದ್ದರೆ ಎದ್ದು ಹೊರಡಿ

ಯೂಟ್ಯೂಬ್‌ನಲ್ಲಿ ಪ್ರತಿ ಕೋಣೆಗೂ ಉತ್ತರವಿದೆ. ನೋಡಿದರೆ ಆ ಕೋಣೆ ಮುಗಿಯುತ್ತದೆ, ಅಷ್ಟೇ. ಒಗಟಿನ ಆಟವನ್ನು ಮೊದಲ ಸಲ ಆಡುವ ಅವಕಾಶ ಒಂದೇ ಸಲ ಸಿಗುವುದು. ಅದನ್ನು ಒಂದು ವಿಡಿಯೊಗೆ ಕೊಟ್ಟು ಕಳೆದುಕೊಳ್ಳಬೇಡಿ. ನಮ್ಮ ಬಡಾವಣೆಯವರಿಗಂತೂ ಹತ್ತಿರದಲ್ಲೇ ಲಿಂಗಾಂಬುಧಿ ಕೆರೆ ಇದೆ. ಏರಿಯ ಮೇಲೆ ಒಂದಷ್ಟು ದೂರ ನಡೆದು ಬಂದರೆ, ಕೋಣೆಯ ಯಾವ ಮೂಲೆಯನ್ನು ನೋಡಿಯೇ ಇರಲಿಲ್ಲ ಎಂಬುದು ತಾನಾಗಿ ಹೊಳೆಯುತ್ತದೆ.

ಆ ಕೆರೆಯನ್ನು 1828ರಲ್ಲಿ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಒಬ್ಬರೇ ಕೂತು ಬಿಡಿಸುವ ಒಗಟಿನ ರುಚಿ ಅವರಷ್ಟು ಬಲ್ಲವರು ಈ ಊರಲ್ಲಿ ಇನ್ನೊಬ್ಬರಿರಲಿಲ್ಲ. ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಓಡಿಸಿ, ಹೆಜ್ಜೆಗಳಿಗೆ ಅಂಕಿ ಹಾಕಿದರೆ ಪ್ರತಿ ಅಡ್ಡಸಾಲು, ಪ್ರತಿ ಉದ್ದಸಾಲಿನ ಮೊತ್ತ 260 ಬರುವಂಥ ನಡೆಗಳನ್ನು ಅವರು ರಚಿಸಿದ್ದರು. ಅಂಥದ್ದಕ್ಕೆ ಪಕ್ಕದಲ್ಲಿ ಕೂತು ಹಿಂಟ್ ಕೊಡುವವರು ಬೇಕಿಲ್ಲ, ಪುರುಸೊತ್ತು ಬೇಕು. ‘ಪೋರ್ಟಲ್ 2’ರ ಕಥೆಯ ಭಾಗಕ್ಕೂ ಬೇಕಾದದ್ದು ಅದೇ.

5. ಜೊತೆಗಾರರನ್ನು ನೋಡಿ ಆರಿಸಿಕೊಳ್ಳಿ

ಇಬ್ಬರ ಆಟಕ್ಕೆ ಕೂರುವಾಗ ಇಬ್ಬರೂ ಆ ಕೋಣೆಗಳಿಗೆ ಹೊಸಬರಾಗಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಒಬ್ಬರು ಮುಗಿಸಿದ್ದು ಇನ್ನೊಬ್ಬರು ಹೊಸಬರಾದರೆ ಒಂದು ಕಟ್ಟುಪಾಡು ಬೇಕು. ಹಳಬರು ಕೇಳಿದ್ದಕ್ಕೆ ಉತ್ತರ ಕೊಡಬಹುದು, ಕೇಳದಿದ್ದರೆ ತುಟಿ ಪಿಟಕ್ಕೆನ್ನಬಾರದು. ಅಕ್ಕನ ಮಗಳು ಮೊದಲ ದಿನವೇ ಹೇಳಿಬಿಟ್ಟಳು: “ಮಾಮ, ನೀವು ‘ಹ್ಞೂಂ’ ಅಂತಲೂ ಅನ್ಬೇಡಿ. ನೀವು ಹ್ಞೂಂ ಅಂದ್ರೆ ನಂಗೆ ಗೊತ್ತಾಗ್ಬಿಡತ್ತೆ.” ಅವಳು ಹೇಳಿದ್ದು ಸರಿ. ಎಲ್ಲಿ ನೋಡುತ್ತಿದ್ದೀರಿ, ಎಲ್ಲಿ ಹೋಗಿ ಕಾಯುತ್ತಾ ನಿಂತಿದ್ದೀರಿ ಎಂಬುದೂ ಹಿಂಟೇ. ಹಾಗಾಗಿ ಗೊತ್ತಿದ್ದವರು ಜೊತೆಗಾರರ ಹಿಂದೆ ನಡೆಯಬೇಕು, ಮುಂದೆ ಅಲ್ಲ. ಅವರು ತಪ್ಪು ಗೋಡೆಗೆ ಹೊಡೆದರೂ ಆ ತಪ್ಪನ್ನು ಕೊನೆತನಕ ನಡೆಸಲು ಬಿಡಬೇಕು. ಒಗಟನ್ನು ತಾವೇ ಬಿಡಿಸಿದಾಗ ಮುಖದಲ್ಲಿ ಮೂಡುವ ಬೆಳಕನ್ನು ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ.

6. ‘ಇಲ್ಲಿ’, ‘ಅಲ್ಲಿ’ ಬಿಟ್ಟು ಬಣ್ಣ ಹೇಳಿ

ಇಬ್ಬರ ಆಟದಲ್ಲಿ ನೀವು ರೋಬೋಟ್. ಅಟ್ಲಾಸ್ ಗಿಡ್ಡ, ಪಿ-ಬಾಡಿ ಉದ್ದ. ಇಬ್ಬರಿಗೂ ಒಂದೊಂದು ಗನ್, ಒಟ್ಟು ನಾಲ್ಕು ಬಾಗಿಲು. ಅಟ್ಲಾಸ್‌ನವು ನೀಲಿ, ನೇರಳೆ. ಪಿ-ಬಾಡಿಯವು ಹಳದಿ, ಕೆಂಪು. ಒಬ್ಬರ ಬಾಗಿಲು ಅವರದೇ ಇನ್ನೊಂದು ಬಾಗಿಲಿಗೆ ಮಾತ್ರ ಕೂಡುತ್ತದೆ, ಆದರೆ ಯಾರು ಬೇಕಾದರೂ ಅದರಲ್ಲಿ ನುಗ್ಗಬಹುದು. ಇಬ್ಬರೂ ಎದುರುಬದುರು ನಿಂತಿದ್ದಾಗ ಒಬ್ಬರ ಎಡ ಇನ್ನೊಬ್ಬರ ಬಲ. “ಅಲ್ಲಿ ಹಾಕೋ”, “ಎಲ್ಲೋ?”, “ಅಲ್ಲೇ ಕಣೋ!” ಎಂದು ಶುರುವಾದ ಜಗಳ ಬೇಗ ಮುಗಿಯುವುದಿಲ್ಲ. “ನಿನ್ನ ಕೆಂಪು, ಬಾಗಿಲ ಮೇಲಿನ ಬಿಳಿ ಹಲಗೆಗೆ” ಅಂದರೆ ಮುಗಿಯಿತು. ಜಾಗ ತೋರಿಸಲು, ಕೌಂಟ್‌ಡೌನ್ ಶುರುಮಾಡಲು ಗೇಮಿನಲ್ಲೇ ಬಟನ್ ಇದೆ, ಬಳಸಿಕೊಳ್ಳಿ. ಬಾಯಲ್ಲೇ ಎಣಿಸುವುದಾದರೆ ‘ಮೂರು’ ಅಂದಾಗ ಜಿಗಿಯಬೇಕೋ, ಮೂರು ಆದ ಮೇಲೆ ಜಿಗಿಯಬೇಕೋ ಎಂದು ಮೊದಲೇ ಮಾತಾಡಿಕೊಳ್ಳಿ.

7. ಬೀಳುವ ಧೈರ್ಯವೂ ಬೇಕು, ಬೀಳಿಸುವ ಧೈರ್ಯವೂ ಬೇಕು

ನೆಚ್ಚಿನ ಒಂದು ಪಟ್ಟು ಹೇಳುತ್ತೇನೆ. ಗೆಳೆಯ ತನ್ನ ಹಳದಿ ಬಾಗಿಲನ್ನು ನೆಲಕ್ಕೂ ಕೆಂಪನ್ನು ಅದರ ನೇರ ಮೇಲೆ ಸೂರಿಗೂ ಹಾಕುತ್ತಾನೆ. ನಾನು ನೆಲದ ಬಾಗಿಲಿಗೆ ಧುಮುಕುತ್ತೇನೆ. ಸೂರಿನಿಂದ ಬೀಳುತ್ತೇನೆ, ಮತ್ತೆ ನೆಲದೊಳಕ್ಕೆ, ಮತ್ತೆ ಸೂರಿನಿಂದ. ವೇಗ ಏರುತ್ತಲೇ ಇರುತ್ತದೆ. ಆಗ ಅವನು ಸೂರಿನ ಕೆಂಪು ಬಾಗಿಲನ್ನು ತೆಗೆದು ಓರೆ ಗೋಡೆಗೆ ಹಾಕಬೇಕು. ನಾನು ಕೋಣೆಯ ಆ ತುದಿಗೆ ಹಾರಿಹೋಗುತ್ತೇನೆ. ಬೀಳುತ್ತಿರುವವನು ಏನೂ ಮಾಡುವಂತಿಲ್ಲ, ಗೆಳೆಯನ ಗುರಿಯನ್ನು ನಂಬಬೇಕು ಅಷ್ಟೇ.

ನಂಬಿಕೆ ಇದ್ದ ಕಡೆ ಕುಚೋದ್ಯವೂ ಇರುತ್ತದೆ. ಪೋರ್ಟಲ್ ಮೂಲಕ ಹಾಯಿಸಿದ ಬೆಳಕಿನ ಸೇತುವೆಯ ಮೇಲೆ ಗೆಳೆಯ ನಡೆಯುತ್ತಿರುವಾಗ ಪೋರ್ಟಲ್ ಜಾಗ ಬದಲಿಸಿದರೆ ಅವನು ನೇರ ಕೆಳಗಿನ ಆಸಿಡ್‌ಗೆ. ಸತ್ತ ರೋಬೋಟ್ ಆ ಕ್ಷಣವೇ ಹೊಸದಾಗಿ ಜೋಡಣೆಯಾಗಿ ಬರುವುದರಿಂದ ನಷ್ಟವೇನಿಲ್ಲ. ಗ್ಲಾಡೋಸ್ ಅಂತೂ ಒಬ್ಬರಿಗೆ ಅಂಕ ಕೊಟ್ಟು, ಇನ್ನೊಬ್ಬರದ್ದು ಕಿತ್ತು ತಂದಿಡುತ್ತಲೇ ಇರುತ್ತಾಳೆ. ಆ ಅಂಕಗಳಿಗೆ ಮೂರುಕಾಸಿನ ಬೆಲೆಯಿಲ್ಲ.

8. ಸೋಫಾದಲ್ಲಿ ಕೂತವರಿಗೂ ಕೆಲಸ ಕೊಡಿ

ಮನೆಗೆ ಬರುವ ಗೆಳೆಯರು ಲೆಕ್ಕ ಹಾಕಿ ಇಬ್ಬರೇ ಬರುವುದಿಲ್ಲ. ಕಂಟ್ರೋಲರ್ ಹಿಡಿಯದೆ ಕೂತವರಿಗೆ ಗನ್ನಿನ ಚಿಂತೆಯಿಲ್ಲ, ಕಣ್ಣು ಬಿಡುವಾಗಿರುತ್ತದೆ. ಹಾಗಾಗಿ ಉತ್ತರ ಮೊದಲು ಹೊಳೆಯುವುದು ಬಹಳ ಸಲ ಅವರಿಗೇ. ಅದಕ್ಕೇ ನಮ್ಮಲ್ಲಿ ಒಂದು ನಿಯಮ: ಸೋಫಾದವರು ಪ್ರಶ್ನೆ ಕೇಳಬಹುದು, ಉತ್ತರ ಹೇಳುವಂತಿಲ್ಲ. “ಆ ಕ್ಯೂಬ್ ಯಾಕಿಟ್ಟವ್ರೆ?” ಅನ್ನಬಹುದು, “ಆ ಕ್ಯೂಬನ್ನ ಬಟನ್ ಮೇಲಿಡು” ಅನ್ನಬಾರದು. ಕೋಣೆ ಮುಗಿದಾಗಲೆಲ್ಲ ಕಂಟ್ರೋಲರ್ ಕೈ ಬದಲಾಗಬೇಕು.

9. ಖರ್ಚು, ಕರೆಂಟು

ಹಳೆಯ ಗೇಮಾದ್ದರಿಂದ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಡ. ಒಂದೇ ಕಂಪ್ಯೂಟರಿನಲ್ಲಿ ಪರದೆ ಇಬ್ಭಾಗ ಮಾಡಿ, ಒಬ್ಬರು ಕೀಬೋರ್ಡ್-ಮೌಸ್, ಇನ್ನೊಬ್ಬರು ಕಂಟ್ರೋಲರ್ ಹಿಡಿದು ಆಡಬಹುದು. ಗೆಳೆಯ ಬೇರೆ ಊರಿನಲ್ಲಿದ್ದರೆ ಸ್ಟೀಮ್‌ನ ‘ರಿಮೋಟ್ ಪ್ಲೇ ಟುಗೆದರ್’ ಇದೆ. ಒಬ್ಬರ ಬಳಿ ಗೇಮ್ ಇದ್ದರೆ ಸಾಕು. ಪರದೆಯ ಚಿತ್ರವನ್ನು ಕಳಿಸುವವರ ಅಪ್‌ಲೋಡ್ ವೇಗ ಚೆನ್ನಾಗಿರಬೇಕು. ಕರೆಂಟ್ ಹೋದರೂ ವೈಫೈ ನಿಲ್ಲದಂತೆ ರೌಟರ್‌ಗೆ ಯುಪಿಎಸ್ ಹಾಕಿಕೊಳ್ಳಿ.

10. ಕೊನೆಗೆ ಒಂದು ಕೋಣೆ ನೀವೇ ಕಟ್ಟಿ

2012ರ ಮೇ ತಿಂಗಳಲ್ಲಿ ವಾಲ್ವ್ ಕೋಣೆ ಕಟ್ಟುವ ಸಲಕರಣೆಯನ್ನೂ ಪುಕ್ಕಟೆ ಕೊಟ್ಟಿತು. ಗೋಡೆ ಎಳೆದು, ಬಟನ್ ಇಟ್ಟು, ಬಿಳಿ ಹಲಗೆ ಅಂಟಿಸುವುದು ಮಕ್ಕಳಿಗೂ ಬರುತ್ತದೆ. ಕಟ್ಟಿದ ಮೇಲೆ ಗೆಳೆಯರನ್ನು ಕೂರಿಸಿ ಆಡಿಸಿ. ನೀವು ಹಿಂದೆ ನಿಂತು ಬಾಯಿ ಮುಚ್ಚಿಕೊಂಡು ನೋಡಿ. ನೀವು ಸುಲಭವೆಂದುಕೊಂಡ ಕಡೆ ಅವರು ಸಿಕ್ಕಿಕೊಳ್ಳುತ್ತಾರೆ, ಘನವಾದದ್ದೆಂದು ಬೀಗಿದ ಕಡೆ ಅಡ್ಡದಾರಿಯಲ್ಲಿ ದಾಟಿಬಿಡುತ್ತಾರೆ. ವಾಲ್ವ್‌ನವರೂ ಆಟ ತಯಾರಾಗುವಾಗ ಜನರನ್ನು ಹೀಗೇ ಕೂರಿಸಿ ಆಡಿಸಿ, ಎಡವಿದ ಕಡೆಯೆಲ್ಲ ತಿದ್ದುತ್ತಿದ್ದರು. ಗೆಳೆಯರು ಎಲ್ಲಿ ನಿಂತರು, ಎಷ್ಟು ಹೊತ್ತು ನಿಂತರು ಎಂದು ಬರೆದಿಟ್ಟುಕೊಳ್ಳಿ. ಹಲಗೆಯೊಂದನ್ನು ಸರಿಸಿ, ಅವರು ಇನ್ನೊಮ್ಮೆ ಬಂದಾಗ ಮತ್ತೆ ಆಡಿಸಿ.