ಮುರಕಲ್ಲಿನ ಗೋಡೆಯ ಆರೈಕೆ

ಮಳೆ ಬಿಟ್ಟಿದೆ. ಅಂಗಳ ಕೆತ್ತಿ, ಸಗಣಿ ಸಾರಿಸಿ, ಅಡಿಕೆ ಹರಡುವ ಕೆಲಸಕ್ಕೆ ತೊಡಗುವ ಮೊದಲು ಒಂದು ದಿನ ಬೆಳಿಗ್ಗೆ ಮನೆಗೆ ನಿಧಾನವಾಗಿ ಒಂದು ಸುತ್ತು ಬಂದು ಗೋಡೆಯ ಬುಡವನ್ನು ನೋಡಿರಿ. ಕಲ್ಲನ್ನು ಬೆರಳಿನಿಂದ ಉಜ್ಜಿದರೆ ಕೆಂಪು ಹುಡಿ ಉದುರುವುದೇ? ಕಲ್ಲಿನ ಮೈ ಸವೆದು ಒಳಕ್ಕೆ ಹೋಗಿ, ಸಂದಿನ ಗಾರೆ ಮಾತ್ರ ಹೊರಗೆ ಚಾಚಿ ನಿಂತಿದೆಯೇ? ಬಿಳಿಯ ಹಿಟ್ಟಿನಂತಹ ಉಪ್ಪು ಮೂಡಿದೆಯೇ? ಇವುಗಳಲ್ಲಿ ಒಂದಿದ್ದರೂ ಈ ಬೇಸಿಗೆಯಲ್ಲಿಯೇ ಕೈಹಾಕತಕ್ಕದ್ದು. ಹಾಗೆಂದು ಒಡನೆ ಪೇಟೆಗೆ ಹೋಗಿ ಸಿಮೆಂಟಿನ ಚೀಲ ತರಬೇಡಿರಿ. ನಾವು ತಂದು ಕೆಟ್ಟವರು.

ನಮ್ಮ ಮನೆಯ ಪಡುವಣ ಗೋಡೆ ಅಜ್ಜನ ಕಾಲದ್ದು. ಮಳೆಗಾಳಿಗೆ ಎದುರಾಗಿರುವ ಆ ಗೋಡೆಯ ಬುಡದ ಮೂರು ಸಾಲು ಕಲ್ಲು ಸವೆದಿತ್ತು. ಮೇಸ್ತ್ರಿಯೊಬ್ಬರ ಮಾತು ಕೇಳಿ, ಕಲ್ಲಿನ ಮೈಯನ್ನು ಚೆನ್ನಾಗಿ ಕೆತ್ತಿಸಿ, ದಪ್ಪಗೆ ಸಿಮೆಂಟು ಸಾರಣೆ ಮಾಡಿಸಿದೆವು. ಮೊದಲ ವರ್ಷ ಗೋಡೆ ಕನ್ನಡಿಯಂತಿತ್ತು. ಬಂದವರಿಗೆಲ್ಲ ತೋರಿಸಿದ್ದೂ ಉಂಟು. ಎರಡನೆಯ ಮಳೆಗಾಲಕ್ಕೆ ಒಳಕೋಣೆಯಲ್ಲಿ, ನಮ್ಮ ತಾಯಿ ಮಲಗುವ ಮಂಚದ ಪಕ್ಕದಲ್ಲಿಯೇ, ತೇವ ಎದೆಯೆತ್ತರಕ್ಕೆ ಏರಿತು. ಮೂರನೆಯ ಮಳೆಗಾಲಕ್ಕೆ ಹೊರಗಿನ ಸಾರಣೆ ತಟ್ಟಿದರೆ ಡಬಡಬ ಎನ್ನತೊಡಗಿತು. ಆಟಿ ತಿಂಗಳ ಒಂದು ರಾತ್ರಿ ಬಾಗಿಲಗಲದ ತುಂಡು ಕಳಚಿ ಬಿತ್ತು. ದೀಪ ಹಿಡಿದು ನೋಡಿದರೆ ಅದರ ಬೆನ್ನಿಗೆ ಎರಡಂಗುಲ ದಪ್ಪಕ್ಕೆ ಕಲ್ಲೂ ಅಂಟಿಕೊಂಡು ಬಂದಿದೆ. ಉಳಿದ ಕಲ್ಲು ನೆನೆದ ಅವಲಕ್ಕಿಯಂತೆ ಮೆತ್ತಗಾಗಿದೆ. ತಾಯಿಯವರ ಹಾಸಿಗೆಯನ್ನು ಆ ರಾತ್ರಿಯೇ ಮೂಡುಬದಿಯ ಕೋಣೆಗೆ ಬದಲಾಯಿಸಿದೆವು.

ಇದೇಕೆ ಹೀಗಾಯಿತೆಂದು ತಿಳಿಯಲು ಈ ಕಲ್ಲಿನ ಸ್ವಭಾವವನ್ನು ತಿಳಿಯಬೇಕು. ಲಕ್ಷಾಂತರ ವರ್ಷಗಳ ಬಿಸಿಲು ಮಳೆಗೆ ಬಂಡೆ ಕೊಳೆತು, ಕರಗುವ ಅಂಶಗಳೆಲ್ಲ ನೀರಿನೊಡನೆ ಹರಿದುಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಅಂಶಗಳು ಉಳಿದದ್ದೇ ಮುರಕಲ್ಲು. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು 1800–01ರಲ್ಲಿ ಈ ಸೀಮೆಗಳಲ್ಲಿ ಸಂಚರಿಸಿದಾಗ, ಈಗಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರಂ ಬಳಿ ಇದನ್ನು ಕಂಡು ಬರೆದಿಟ್ಟನು. ಅವನ ಗ್ರಂಥ 1807ರಲ್ಲಿ ಅಚ್ಚಾಯಿತು. ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಅವನು ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಅಗೆಯುವಾಗ ಮೆದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ ಎಂಬುದು ಅವನಿಗೆ ಸೋಜಿಗವಾಗಿ ಕಂಡಿತು. ನಮ್ಮ ಸುರಂಗ ತೋಡುವವರಿಗೆ ಅದು ಎಂದಿನಿಂದಲೂ ತಿಳಿದ ಮಾತೇ.

ಈ ಗಟ್ಟಿತನ ಹೆಚ್ಚಾಗಿ ಮೈಯಲ್ಲಿರುವುದು. ಒಳಗಿನ ಗೂಡುಗಳಲ್ಲಿ ಮೆದುವಾದ ಜೇಡಿ ತುಂಬಿರುತ್ತದೆ. ಆದುದರಿಂದ ಮೈ ಕೆತ್ತುವುದೆಂದರೆ ಅಡಿಕೆಯ ಸಿಪ್ಪೆ ಸುಲಿದು ಮಳೆಗೆ ಇಟ್ಟಂತೆ. ನಾವು ಮಾಡಿದ ಮೊದಲ ತಪ್ಪು ಅದು. ಈಗ ಕೆಲವರು ಪಾಚಿ ತೆಗೆಯಲೆಂದು ಮೋಟಾರಿನ ರಭಸದ ನೀರನ್ನು ಗೋಡೆಗೆ ಹಾರಿಸುತ್ತಾರೆ, ಅದೂ ಕೆತ್ತಿದಂತೆಯೇ.

ಎರಡನೆಯ ತಪ್ಪನ್ನು ನಾವು ಏಳನೆಯ ತರಗತಿಯ ಮಕ್ಕಳೊಡನೆ ಪ್ರಯೋಗ ಮಾಡಿ ಕಂಡುಕೊಂಡೆವು. ಗೇಣುದ್ದದ ಎರಡು ಮುರಕಲ್ಲಿನ ತುಂಡುಗಳನ್ನು ಉಪ್ಪುನೀರಿನ ತಟ್ಟೆಯಲ್ಲಿ ನಿಲ್ಲಿಸಿದೆವು. ಒಂದರ ಕೆಳಗಿನ ಅರ್ಧಕ್ಕೆ ಸುತ್ತಲೂ ಮೇಣ ಬಳಿದಿದ್ದೆವು. ತಳವನ್ನು ಮಾತ್ರ ಬಿಟ್ಟಿದ್ದೆವು. ಕೆಲವು ದಿನಗಳಲ್ಲಿ ಮೇಣವಿಲ್ಲದ ತುಂಡಿನ ಕೆಳಭಾಗದಲ್ಲಿ ಬಿಳಿ ಉಪ್ಪು ಮೂಡಿತು. ಮೇಣದ ತುಂಡಿನಲ್ಲಿ ತೇವವು ಮೇಣವನ್ನು ದಾಟಿ ಮೇಲೇರಿ ಅಲ್ಲಿ ಉಪ್ಪು ಬಿಟ್ಟಿತು. ಮಕ್ಕಳು ನಾವು ಹೇಳುವ ಮೊದಲೇ ಹೇಳಿಬಿಟ್ಟರು: ನೀರಿಗೆ ಹೊರಡಲು ದಾರಿಯಿಲ್ಲದಿದ್ದರೆ ಅದು ಮೇಲೆ ಹೋಗುತ್ತದೆ. ಸಿಮೆಂಟು ನಮ್ಮ ಗೋಡೆಗೆ ಬಳಿದ ಮೇಣವಾಗಿತ್ತು. ಸಂದುಗಳಿಂದ ಒಳಗೆ ಹೋದ ನೀರು ಹೊರಗೆ ಬರಲಾರದೆ ತಾಯಿಯವರ ಕೋಣೆಗೆ ಬಂತು. ನೀರು ಆರಿದಲ್ಲಿ ಉಪ್ಪು ಹರಳುಗಟ್ಟಿ ಹಿಗ್ಗುತ್ತದೆ; ಆ ಹಿಗ್ಗು ಕಲ್ಲಿನ ಕಣಗಳನ್ನು ಬಿಡಿಸುತ್ತದೆ. ಬಾದಾಮಿಯ ಕಡೆಯ ಮರಳುಗಲ್ಲಿಗೂ ಉಪ್ಪಿನಿಂದ ಇದೇ ಪಾಡು. ಬೇಕಲ ಕೋಟೆಯ ಮುರಕಲ್ಲು 17ನೆಯ ಶತಮಾನದಿಂದ ಕಡಲ ಗಾಳಿಗೆ ನಿಂತಿದೆ. ನೆನೆದರೂ ಅದಕ್ಕೆ ಆರಲು ಅವಕಾಶವಿದೆ.

ಇನ್ನು ಕೆಲಸದ ಮಾತು. ಸಿಮೆಂಟು ಬಿದ್ದ ಮೇಲೆ ನಾವು ಒಬ್ಬ ವೃದ್ಧ ಮೇಸ್ತ್ರಿಯನ್ನು ಕರೆದೆವು. ಅವರು ಗೋಡೆಯನ್ನು ಮುಟ್ಟಲೂ ಇಲ್ಲ. “ಮಾಷ್ಟ್ರೇ, ಗೋಡೆ ಆಮೇಲೆ ನೋಡುವ. ಮೊದಲು ಏಣಿ ತನ್ನಿ, ಮಾಡು ನೋಡುವ” ಎಂದರು. ನಮ್ಮಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಒಂದು ಹಂಚು ಸರಿದಿದ್ದರೂ ಆ ಗೋಡೆ ನಾಲ್ಕು ತಿಂಗಳು ಸ್ನಾನ ಮಾಡುತ್ತದೆ. ಹಂಚು ಸರಿಪಡಿಸಿದ ಮೇಲೆ ನೆಲ ನೋಡಬೇಕು. ವರ್ಷವರ್ಷವೂ ಮಣ್ಣು ಹಾಕಿ ಏರಿದ ಅಂಗಳವು ಪಂಚಾಂಗದ ಕಲ್ಲನ್ನು ಮುಚ್ಚಿದ್ದರೆ ಕೆತ್ತಿ ತಗ್ಗಿಸಿ, ನೀರು ಮನೆಯಿಂದ ಹೊರಕ್ಕೆ ಓಡುವಂತೆ ಇಳಿಜಾರು ಕೊಡಿರಿ. ಅಂಗಳಕ್ಕೆ ಸಿಮೆಂಟು ಹಾಕಿದವರು ಗೋಡೆಯ ಬುಡದಲ್ಲಿ ಒಂದಡಿ ಅಗಲ ಬಿಡಿಸಿ ಜಲ್ಲಿ ತುಂಬಿಸುವುದು ಒಳ್ಳೆಯದು. ಮಾಡಿನಿಂದ ಬಿದ್ದ ನೀರು ನೆಲಕ್ಕೆ ಬಡಿದು ಗೋಡೆಗೆ ಸಿಡಿಯುವುದೇ ಬುಡದ ಎರಡಡಿ ಕಲ್ಲಿಗೆ ದೊಡ್ಡ ಶತ್ರು. ಆ ನೀರು ಬೀಳುವಲ್ಲಿಯೂ ಜಲ್ಲಿ ಹಾಸಿದರೆ ಸಿಡಿತ ಕಡಮೆಯಾಗುತ್ತದೆ. ಪಡುವಣ ಗೋಡೆಗೆ ಮಳೆಗಾಲದಲ್ಲಿ ಹೆಣೆದ ಮಡಲಿನ ತಟ್ಟಿ ಕಟ್ಟುವ ಪದ್ಧತಿ ಹಿಂದೆ ಇತ್ತು. ಅದನ್ನು ಬಡತನದ ಗುರುತೆಂದು ಬಿಟ್ಟವರಲ್ಲಿ ನಾವೂ ಒಬ್ಬರು. ಈಗ ಮತ್ತೆ ಕಟ್ಟುತ್ತಿದ್ದೇವೆ.

ಕೃಷಿಕರ ಮನೆಯಲ್ಲಿ ಉಪ್ಪಿಗೆ ಇನ್ನೂ ಎರಡು ಮೂಲಗಳುಂಟು. ಒಂದು, ಹಟ್ಟಿಯ ಗಂಜಲ. ಹಟ್ಟಿಯ ಗೋಡೆ ಮನೆಗಿಂತ ಬೇಗ ಸವೆಯುವುದು ಇದರಿಂದಲೇ. ಗಂಜಲವು ಗೋಡೆಯ ಬುಡದಲ್ಲಿ ನಿಲ್ಲದೆ ಗೊಬ್ಬರದ ಗುಂಡಿಗೆ ಹರಿಯುವಂತೆ ಕಾಲುವೆ ಮಾಡಿದರೆ ಗೋಡೆಗೂ ಒಳ್ಳೆಯದು, ತೋಟಕ್ಕೂ ಲಾಭ. ಇನ್ನೊಂದು, ಚಾವಡಿಯ ಗೋಡೆಗೆ ಒರಗಿಸಿ ಇಟ್ಟ ಪೊಟಾಷಿನ ಚೀಲ. ಅದೂ ಉಪ್ಪೇ. ತೇವ ಹೀರಿ ಸೋರಿದರೆ ನೇರವಾಗಿ ಕಲ್ಲಿನೊಳಗೆ ಇಳಿಯುತ್ತದೆ. ಗೊಬ್ಬರದ ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ ಇಡತಕ್ಕದ್ದು.

ಮೂಡಿದ ಉಪ್ಪನ್ನು ನೀರು ಹಾಕಿ ತೊಳೆಯಬಾರದು. ಕರಗಿ ಮತ್ತೆ ಒಳಗೆ ಹೋಗುತ್ತದೆ. ಒಣಗಿದಾಗ ತೆಂಗಿನ ನಾರಿನ ಕುಂಚದಿಂದ ಮೆಲ್ಲಗೆ ಗುಡಿಸಿ, ಆ ಹುಡಿಯನ್ನು ಬುಡದಲ್ಲಿ ಬೀಳಗೊಡದೆ ಗೋಣಿಯಲ್ಲಿ ಹಿಡಿದು ದೂರ ಎಸೆಯಿರಿ. ತಂತಿಯ ಬ್ರಶ್ಶು ಬೇಡ. ಒಳಗಿನ ಉಪ್ಪನ್ನು ಎಳೆಯಲು, ಹಳೆಯ ಪತ್ರಿಕೆಗಳನ್ನು ಒಳ್ಳೆಯ ನೀರಿನಲ್ಲಿ ನೆನೆಸಿ ಅರೆದು ಅರ್ಧ ಅಂಗುಲ ದಪ್ಪಕ್ಕೆ ಮೆತ್ತಿ, ಪೂರ್ತಿ ಒಣಗಿದ ಮೇಲೆ ಕಿತ್ತೆಸೆಯಬೇಕು. ಎರಡು ಮೂರು ಸಲ ಮಾಡಿದರೆ ಉಪ್ಪು ಬಹುಮಟ್ಟಿಗೆ ಇಳಿಯುತ್ತದೆ. (ನಾವು ಈ ವಾರಪತ್ರಿಕೆಯ ಹಳೆಯ ಸಂಚಿಕೆಗಳನ್ನೇ ಬಳಸಿದೆವು, ಸಂಪಾದಕರು ಕ್ಷಮಿಸಬೇಕು.)

ಅನಂತರ ಸಂದುಗಳು. ಸಡಿಲವಾದ ಗಾರೆಯನ್ನು ಸಂದಿನ ಅಗಲದ ಎರಡರಷ್ಟು ಆಳಕ್ಕೆ ತೆಗೆದು, ನೀರು ಚಿಮುಕಿಸಿ, ಸುಣ್ಣದ ಗಾರೆ ತುಂಬಬೇಕು. ಒಂದು ಪಾಲು ಸುಣ್ಣ, ಒಂದು ಪಾಲು ಹಂಚಿನ ಹುಡಿ, ಎರಡು ಪಾಲು ಮರಳು ಎಂಬುದು ನಮಗೆ ಒದಗಿದ ಅಳತೆ. ಮರಳು ಹೊಳೆಯದ್ದಾಗಿರಲಿ, ಕಡಲ ಮರಳಿನಲ್ಲಿ ಉಪ್ಪಿರುತ್ತದೆ. ಗಾರೆಯು ಕಲ್ಲಿಗಿಂತ ಮೆದುವಾಗಿರಬೇಕೆಂಬುದನ್ನು ಮರೆಯಬಾರದು. ಮೆದುವಾದ ಗಾರೆಯ ಮೂಲಕ ತೇವ ಹೊರಡುತ್ತದೆ, ಸವೆದರೆ ಗಾರೆ ಸವೆಯುತ್ತದೆ. ಗಾರೆಯನ್ನು ಹತ್ತಾರು ವರ್ಷಕ್ಕೊಮ್ಮೆ ಹೊಸದಾಗಿ ತುಂಬಬಹುದು, ಕಲ್ಲನ್ನು ಬೆಳೆಸಲಾಗದು.

ಸುಣ್ಣದ ಪರೀಕ್ಷೆ ಅಡಿಕೆ ಬೆಳೆಗಾರರಿಗೆ ಹೊಸತಲ್ಲ. ಕೊಳೆರೋಗದ ಮದ್ದಿಗೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರಿಸಿ, ಹೊಳೆಯುವ ಕತ್ತಿಯನ್ನು ಅದ್ದಿ ನೋಡುತ್ತೇವಲ್ಲವೇ? ಕತ್ತಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ. ತೆರೆದ ಚೀಲದಲ್ಲಿ ಗಾಳಿಗೆ ಸತ್ತ ಸುಣ್ಣ ಮದ್ದಿಗೂ ಒದಗದು, ಗೋಡೆಗೂ ಹಿಡಿಯದು. ಚಿಪ್ಪಿನ ಸುಣ್ಣವಾಗಲಿ ಕಲ್ಲಿನ ಸುಣ್ಣವಾಗಲಿ, ಹೊಸತಾಗಿ ಸುಟ್ಟದ್ದನ್ನು ತಂದು ಅರಳಿಸಿ, ನೀರಿನಡಿಯಲ್ಲಿ ಕೆಲವು ವಾರ ಕೊಳೆಯಬಿಟ್ಟರೆ ಬೆಣ್ಣೆಯಂತಾಗುತ್ತದೆ.

ಅಂಗೈ ಆಳಕ್ಕಿಂತ ಹೆಚ್ಚು ಸವೆದ ಕಲ್ಲನ್ನು ಬದಲಿಸುವುದೇ ಸರಿ. ಒತ್ತಿನ ಎರಡು ಕಲ್ಲುಗಳನ್ನು ಒಮ್ಮೆಗೇ ಬಿಡಿಸಬಾರದು. ಮೇಲ್ಭಾಗಕ್ಕೆ ಮರದ ಊರೆ ಕೊಟ್ಟು, ಒಂದನ್ನು ತೆಗೆದು ಒಂದನ್ನು ಕೂರಿಸಿ, ಗಾರೆ ಬಿಗಿದ ಮೇಲೆ ಮುಂದಿನದು. ಹೊಸ ಕಲ್ಲು ಕೊರೆಯಿಂದ ನೇರವಾಗಿ ಬಂದ ಹಸಿ ಕಲ್ಲಾಗದೆ, ಕೆಲವು ತಿಂಗಳು ಗಾಳಿಗೆ ಬಲಿತದ್ದಾಗಿರಲಿ. ಗೋಡೆಯೇ ಹೊಟ್ಟೆ ಬಿಟ್ಟಿದ್ದರೆ ಅಥವಾ ಬಿರುಕು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ ಈ ಲೇಖನವನ್ನು ನಂಬಿ ಕೂರಬೇಡಿರಿ; ಆ ಕೋಣೆ ಬಿಟ್ಟು, ತಿಳಿದವರನ್ನು ಕರೆಯಿಸಿರಿ.

ಕಡೆಗೆ, ಗೋಡೆಯನ್ನು ಒದ್ದೆ ಮಾಡಿ, ಬಟ್ಟೆಯಲ್ಲಿ ಸೋಸಿದ ತೆಳ್ಳಗಿನ ಸುಣ್ಣವನ್ನು ಮೂರು ನಾಲ್ಕು ಕೈ ಬಳಿಯಿರಿ. ಕಲ್ಲಿನ ಕೆಂಪು ಕಾಣಬೇಕೆನ್ನುವವರು ಹಾಗೆಯೇ ಬಿಡಬಹುದು, ಆದರೆ ಹೊಳಪಿನ ವಾರ್ನಿಷು ಮತ್ತೆ ಮೇಣದ ಕಥೆಯೇ. ಗಾರೆ ತುಂಬಿದಲ್ಲಿ ಒಂದೆರಡು ವಾರ ಒದ್ದೆ ಗೋಣಿ ಇಳಿಬಿಟ್ಟು ಬಿಸಿಲಿನಿಂದ ಕಾಪಾಡಬೇಕು. ಸುಣ್ಣ ಬಲಿಯುವುದು ನಿಧಾನ. ಮಕರ ಮಾಸದಲ್ಲಿ ತೊಡಗಿ ಮೀನದೊಳಗೆ ಮುಗಿಸಿದರೆ ಪತ್ತನಾಜೆಯ ಹೊತ್ತಿಗೆ ಗೋಡೆ ಮಳೆಗೆ ಸಿದ್ಧವಾಗಿರುತ್ತದೆ. ಸುಣ್ಣ ಅರಳಿಸುವಾಗ ನೀರಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿರಿ, ಸುಣ್ಣದ ರಾಶಿಗೆ ನೀರು ಸುರಿಯಬೇಡಿರಿ. ಅದು ಕುದಿದು ಸಿಡಿಯುತ್ತದೆ. ಮಕ್ಕಳು ಹತ್ತಿರ ಇರಬಾರದು. ಕಣ್ಣಿಗೆ ಹಾರಿದರೆ ಉಜ್ಜದೆ, ಕಾಲು ಗಂಟೆಗೂ ಮಿಕ್ಕಿ ತಣ್ಣೀರು ಸುರಿಯುತ್ತಾ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.